ದಿನನಿತ್ಯದ ಗಣಕಯಂತ್ರ ಬಳಕೆಗೆ ಮುಕ್ತ ಕಾರ್ಯಾಚರಣಾ ವ್ಯವಸ್ಥೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಆನ್‌ಲೈನ್ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅನೇಕರು ತಮ್ಮ ಮನೆಯ ಅಥವಾ ಅಂಗಡಿಯ ಹಳೆಯ ಗಣಕಯಂತ್ರವನ್ನೇ ಬಳಸುತ್ತಿದ್ದಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಮುಂತಾದ ದಾಖಲೆಗಳ ಪ್ರತಿಗಳು ಬಹುತೇಕ ಇಂತಹ ಒಂದೇ ಯಂತ್ರದಲ್ಲಿ ಇರುತ್ತವೆ. ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು ದಿನಾಂಕ 14-10-2025ಕ್ಕೆ ಮುಕ್ತಾಯಗೊಂಡಿದೆ. ಇದಕ್ಕೂ ಮೊದಲು ವಿಂಡೋಸ್ ಎಕ್ಸ್‌ಪಿ ಬೆಂಬಲವು 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7 ಬೆಂಬಲವು 2020ರ ಜನವರಿಯಲ್ಲಿ ಮುಕ್ತಾಯಗೊಂಡಿದ್ದವು.

ಬೆಂಬಲ ಮುಗಿದ ಮಾತ್ರಕ್ಕೆ ಯಂತ್ರವು ನಿಂತುಹೋಗುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಪರಿಹಾರ ದೊರೆಯುವುದಿಲ್ಲ. ಅದೇ ಯಂತ್ರದಲ್ಲಿ ಆಧಾರ್ ವಿವರ, ನೆಟ್‌ಬ್ಯಾಂಕಿಂಗ್ ಗುಪ್ತಪದ ಮತ್ತು ಶುಲ್ಕ ಪಾವತಿಯ ಮಾಹಿತಿ ಬಳಕೆಯಾಗುವುದರಿಂದ ಇದು ಕೇವಲ ತಾಂತ್ರಿಕ ವಿಷಯವಾಗಿ ಉಳಿಯುವುದಿಲ್ಲ. ಹೊಸ ಯಂತ್ರವನ್ನು ಖರೀದಿಸಲು ಅನುಕೂಲವಿಲ್ಲದವರಿಗೆ ಇರುವ ಮಾರ್ಗಗಳಲ್ಲಿ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಬದಲಾಗುವುದೂ ಒಂದು. ಅದರ ಅನುಕೂಲ, ಮಿತಿ ಹಾಗೂ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಎಂದರೇನು?

ಗಣಕಯಂತ್ರದ ಯಂತ್ರಾಂಶ ಮತ್ತು ಬಳಕೆದಾರರ ತಂತ್ರಾಂಶಗಳ ನಡುವೆ ನಿಂತು ಕೆಲಸ ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣಾ ವ್ಯವಸ್ಥೆ. ಮುಕ್ತ ತಂತ್ರಾಂಶವೆಂದರೆ ಬಳಕೆದಾರನು ಅದನ್ನು ಯಾವುದೇ ಉದ್ದೇಶಕ್ಕೆ ಬಳಸಲು, ಅದರ ಮೂಲ ಸಂಕೇತವನ್ನು ಅಧ್ಯಯನ ಮಾಡಿ ಮಾರ್ಪಡಿಸಲು, ಪ್ರತಿಗಳನ್ನು ಹಂಚಲು ಹಾಗೂ ಮಾರ್ಪಡಿಸಿದ ಪ್ರತಿಗಳನ್ನೂ ಹಂಚಲು ಪರವಾನಗಿಯಿಂದಲೇ ಹಕ್ಕು ಪಡೆದಿರುವ ತಂತ್ರಾಂಶ. ಇಲ್ಲಿ ಮುಖ್ಯವಾದುದು ಸ್ವಾತಂತ್ರ್ಯವೇ ಹೊರತು ಬೆಲೆಯಲ್ಲ; ಆದರೂ ಗೃಹಬಳಕೆಯ ಬಹುತೇಕ ಆವೃತ್ತಿಗಳು ಉಚಿತವಾಗಿಯೇ ದೊರೆಯುತ್ತವೆ.

ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಲಿನಕ್ಸ್ ಕರ್ನೆಲ್ ಅನ್ನು ಬಿಡುಗಡೆ ಮಾಡಿದರು. ಇವೆರಡೂ ಹಾಗೂ ಇತರ ತಂತ್ರಾಂಶಗಳು ಸೇರಿ ಸಿದ್ಧವಾದ ಸಂಪೂರ್ಣ ವ್ಯವಸ್ಥೆಗೆ ವಿತರಣೆ ಎಂದು ಹೆಸರು. ಡೆಬಿಯನ್ 1993ರಲ್ಲಿ, ಉಬುಂಟು 2004ರಲ್ಲಿ, ಲಿನಕ್ಸ್ ಮಿಂಟ್ 2006ರಲ್ಲಿ ಪ್ರಾರಂಭವಾದವು. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧರಿಸಿ ಬಾಸ್ ಎಂಬ ವಿತರಣೆಯನ್ನು ರೂಪಿಸಿದೆ.

3. ಈ ಬದಲಾವಣೆ ಯಾರಿಗೆ ಸೂಕ್ತ?

ವಿಂಡೋಸ್ 11 ಅಳವಡಿಸಲು ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ ಹಾಗೂ ಸಂಸ್ಥೆಯ ಪಟ್ಟಿಯಲ್ಲಿರುವ ಪ್ರೊಸೆಸರ್ ಅಗತ್ಯ. ಈ ಕಾರಣದಿಂದ ಸುಸ್ಥಿತಿಯಲ್ಲಿರುವ ಅನೇಕ ಯಂತ್ರಗಳು ಅದಕ್ಕೆ ಅರ್ಹವಾಗುವುದಿಲ್ಲ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿ.ಬಿ. ಮೆಮೊರಿ ಮತ್ತು 20 ಜಿ.ಬಿ. ಡಿಸ್ಕ್ ಸ್ಥಳ ಸಾಕಾಗುತ್ತದೆ. ಸುಗಮ ಬಳಕೆಗೆ 4 ಜಿ.ಬಿ. ಮೆಮೊರಿ ಮತ್ತು 100 ಜಿ.ಬಿ. ಸ್ಥಳ ಅಪೇಕ್ಷಣೀಯ. ಈ ಕೆಳಕಂಡ ಬಳಕೆದಾರರಿಗೆ ಬದಲಾವಣೆಯು ಸಾಮಾನ್ಯವಾಗಿ ಸೂಕ್ತವಾಗಿರುತ್ತದೆ.

ಅ) ಬ್ರೌಸರ್ ಮೂಲಕ ಅರ್ಜಿ ಸಲ್ಲಿಸುವವರು, ಇ-ಮೇಲ್ ಮತ್ತು ಪಾವತಿ ಸೇವೆಗಳನ್ನು ಬಳಸುವವರು.
ಆ) ಪತ್ರ, ಬಯೋಡೇಟಾ, ಸರಳ ಲೆಕ್ಕಪಟ್ಟಿ ಸಿದ್ಧಪಡಿಸುವವರು.
ಇ) ಆನ್‌ಲೈನ್ ತರಗತಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆಗೆ ಯಂತ್ರ ಬಳಸುವ ವಿದ್ಯಾರ್ಥಿಗಳು.
ಈ) ಪರವಾನಗಿ ಇಲ್ಲದ ತಂತ್ರಾಂಶದ ಪ್ರತಿಯನ್ನು ಬಳಸುತ್ತಿರುವವರು.

ಕೊನೆಯ ಅಂಶಕ್ಕೆ ಸಂಬಂಧಿಸಿದಂತೆ, ಗಣಕ ತಂತ್ರಾಂಶದ ಅನಧಿಕೃತ ಪ್ರತಿಯನ್ನು ತಿಳಿದೂ ಬಳಸುವುದು ಕೃತಿಸ್ವಾಮ್ಯ ಅಧಿನಿಯಮ 1957ರ ಪ್ರಕರಣ 63ಬಿ ಅಡಿಯಲ್ಲಿ ಶಿಕ್ಷಾರ್ಹ ಅಪರಾಧವಾಗಿದೆ. ಏಳು ದಿನಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾವಾಸ ಹಾಗೂ ರೂ. 50,000ಕ್ಕೆ ಕಡಿಮೆಯಿಲ್ಲದ, ರೂ. 2 ಲಕ್ಷದವರೆಗಿನ ಜುಲ್ಮಾನೆಗೆ ಅದರಲ್ಲಿ ಅವಕಾಶವಿದೆ. ವ್ಯಾಪಾರ ಲಾಭಕ್ಕಾಗಿ ಬಳಸಿರದ ಸಂದರ್ಭದಲ್ಲಿ ನ್ಯಾಯಾಲಯವು ಕಾರಾವಾಸವನ್ನು ವಿಧಿಸದಿರಬಹುದು. ಮುಕ್ತ ವ್ಯವಸ್ಥೆಯಲ್ಲಿ ಪ್ರತಿ ಮಾಡುವುದೇ ಹಕ್ಕಾಗಿರುವುದರಿಂದ ಈ ಪ್ರಶ್ನೆ ಉದ್ಭವಿಸುವುದಿಲ್ಲ.

4. ಮೊದಲು ಪರಿಶೀಲಿಸಬೇಕಾದ ಸಂದರ್ಭಗಳು

ಈ ಕೆಳಕಂಡ ಕೆಲಸಗಳಿಗೆ ಯಂತ್ರವನ್ನು ಬಳಸುವವರು ವಿಂಡೋಸ್ ಅನ್ನು ಸಂಪೂರ್ಣವಾಗಿ ತೆಗೆದುಹಾಕುವ ಮುನ್ನ ಪರ್ಯಾಯ ವ್ಯವಸ್ಥೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಅ) ಲೆಕ್ಕಪತ್ರ: ಟ್ಯಾಲಿ ತಂತ್ರಾಂಶವು ವಿಂಡೋಸ್‌ಗಾಗಿ ರೂಪಿತವಾದುದು. ಗ್ನೂಕ್ಯಾಶ್ ಎಂಬ ಮುಕ್ತ ತಂತ್ರಾಂಶವು ಜಮಾ-ಖರ್ಚಿನ ಉಭಯ ನಮೂದು ಪದ್ಧತಿಯಲ್ಲಿ ಲೆಕ್ಕ ಇಡುತ್ತದೆಯಾದರೂ ಅದು ಟ್ಯಾಲಿಯ ನೇರ ಬದಲಿಯಲ್ಲ. ಆರ್ಥಿಕ ವರ್ಷದ ಮಧ್ಯದಲ್ಲಿ ಲೆಕ್ಕಪತ್ರ ಪದ್ಧತಿಯನ್ನು ಬದಲಾಯಿಸುವುದು ಸೂಕ್ತವಲ್ಲ.
ಆ) ಮ್ಯಾಕ್ರೋ ಆಧಾರಿತ ಎಕ್ಸೆಲ್ ನಮೂನೆಗಳು: ಆದಾಯ ತೆರಿಗೆ ವಿವರಣೆಯನ್ನು ಆಫ್‌ಲೈನ್‌ನಲ್ಲಿ ಸಿದ್ಧಪಡಿಸುವ ಇಂತಹ ನಮೂನೆಗಳು ಲಿಬ್ರೆಆಫೀಸ್‌ನಲ್ಲಿ ಸರಿಯಾಗಿ ನಡೆಯುವುದಿಲ್ಲ. ಬ್ರೌಸರ್ ಮೂಲಕ ನೇರವಾಗಿ ಸಲ್ಲಿಸುವ ವಿವರಣೆಗಳಿಗೆ ತೊಂದರೆ ಇರುವುದಿಲ್ಲ.
ಇ) ಡಿಜಿಟಲ್ ಸಹಿಯ ಯು.ಎಸ್.ಬಿ. ಟೋಕನ್: ಕೆಲವು ಟೋಕನ್‌ಗಳಿಗೆ ಮಾತ್ರ ತಯಾರಕರು ಲಿನಕ್ಸ್ ಚಾಲಕ ತಂತ್ರಾಂಶವನ್ನು ನೀಡುತ್ತಾರೆ. ಚಾಲಕ ದೊರೆತರೂ ಸಂಬಂಧಿತ ಪೋರ್ಟಲ್‌ನ ಸಹಿ ಉಪಕರಣವು ಲಿನಕ್ಸ್‌ನಲ್ಲಿ ನಡೆಯುವುದೇ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು.
ಈ) ಬೆರಳಚ್ಚು ಸಾಧನ: ಸೇವಾ ಕೇಂದ್ರಗಳನ್ನು ನಡೆಸುವವರು ಸಾಧನದ ತಯಾರಕರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳುವವರೆಗೆ ಬದಲಾವಣೆ ಮಾಡದಿರುವುದು ಒಳಿತು.
ಉ) ಮುದ್ರಕ ಮತ್ತು ಸ್ಕ್ಯಾನರ್: ಇತ್ತೀಚಿನ ಜಾಲ ಸಂಪರ್ಕದ ಮುದ್ರಕಗಳು ಚಾಲಕ ತಂತ್ರಾಂಶವಿಲ್ಲದೆಯೇ ಕೆಲಸ ಮಾಡುತ್ತವೆ. ಕೆಲವು ಹಳೆಯ ಲೇಸರ್ ಮುದ್ರಕಗಳಿಗೆ ತಯಾರಕರ ಪ್ರತ್ಯೇಕ ಚಾಲಕ ಬೇಕಾಗುತ್ತದೆ.

5. ಕನ್ನಡದ ಬಳಕೆ

ಕನ್ನಡದಲ್ಲಿ ಅರ್ಜಿ ಬರೆಯುವವರಿಗೆ ಇದು ಅತ್ಯಂತ ಮುಖ್ಯವಾದ ಭಾಗವಾಗಿದೆ.

5.1 ಕೀಲಿಮಣೆ: ಪ್ರಮುಖ ವಿತರಣೆಗಳಲ್ಲಿ ಕನ್ನಡದ ಎರಡು ಕೀಲಿಮಣೆ ವಿನ್ಯಾಸಗಳು ಮೊದಲೇ ಅಡಕವಾಗಿರುತ್ತವೆ. ಪಟ್ಟಿಯಲ್ಲಿ ಕೇವಲ ಕನ್ನಡ ಎಂದು ಕಾಣುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಕಗಪ ಎಂದು ಕಾಣುವುದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ನುಡಿ ತಂತ್ರಾಂಶದ ಮೂಲಕ ಕರ್ನಾಟಕದಲ್ಲಿ ರೂಢಿಯಾದ ವಿನ್ಯಾಸ. ನುಡಿ ಅಭ್ಯಾಸವಿರುವವರು ಎರಡನೆಯದನ್ನು ಆಯ್ಕೆ ಮಾಡಿದಲ್ಲಿ ಬೆರಳಚ್ಚಿನ ಅಭ್ಯಾಸವನ್ನು ಬದಲಿಸಬೇಕಾಗಿಲ್ಲ. ಒತ್ತಕ್ಷರಕ್ಕೆ ಎಫ್ ಕೀಲಿಯೇ ಮುಂದುವರಿಯುತ್ತದೆ. ಇಂಗ್ಲಿಷ್ ಉಚ್ಚಾರಣೆಯಂತೆ ಬೆರಳಚ್ಚಿಸುವವರು ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಯನ್ನು ಎಂ17ಎನ್ ಕೋಶದೊಂದಿಗೆ ಅಳವಡಿಸಿಕೊಂಡು ಐಟ್ರಾನ್ಸ್ ವಿಧಾನವನ್ನು ಆಯ್ಕೆ ಮಾಡಬಹುದು. ನುಡಿ ಮತ್ತು ಬರಹ ತಂತ್ರಾಂಶಗಳು ವಿಂಡೋಸ್‌ಗಾಗಿ ರೂಪಿತವಾಗಿದ್ದು, ಅವುಗಳನ್ನು ಇಲ್ಲಿ ಅಳವಡಿಸುವ ಅಗತ್ಯ ಇರುವುದಿಲ್ಲ.

5.2 ಅಕ್ಷರಶೈಲಿ: ಲೋಹಿತ್ ಕನ್ನಡ, ಗುಬ್ಬಿ, ನವಿಲು ಮತ್ತು ನೋಟೊ ಕನ್ನಡ ಅಕ್ಷರಶೈಲಿಗಳು ಉಚಿತವಾಗಿ ಲಭ್ಯವಿವೆ. ಇವೆಲ್ಲವೂ ಯೂನಿಕೋಡ್ ಶಿಷ್ಟತೆಯನ್ನು ಅನುಸರಿಸುತ್ತವೆ.

5.3 ಹಳೆಯ ನುಡಿ ಕಡತಗಳು: ಹಿಂದಿನ ನುಡಿ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳು ಯೂನಿಕೋಡ್‌ನಲ್ಲಿ ಇರುವುದಿಲ್ಲ. ಅವುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರದ ಭಾಗಗಳನ್ನು ಇರಿಸಲಾಗಿರುತ್ತದೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಾಗದ ಚಿಹ್ನೆಗಳ ಸಾಲು ಕಾಣುತ್ತದೆ. ಕಡತವು ಹಾಳಾಗಿದೆ ಎಂದು ಭಾವಿಸಿ ಅಳಿಸಬಾರದು. ನುಡಿಯ ಅಕ್ಷರಶೈಲಿ ಕಡತವನ್ನು ನಕಲಿಸಿ ಅಳವಡಿಸಿದಲ್ಲಿ ಪಠ್ಯವು ಪುನಃ ಓದಲು ದೊರೆಯುತ್ತದೆ ಮತ್ತು ಮುದ್ರಿಸಬಹುದು. ಆದರೆ ಅದನ್ನು ಆನ್‌ಲೈನ್ ಅರ್ಜಿಯ ಖಾನೆಗೆ ಅಂಟಿಸಿದಲ್ಲಿ ಮತ್ತೆ ಚಿಹ್ನೆಗಳೇ ಕಾಣುತ್ತವೆ. ಅಂತಹ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಪರಿವರ್ತಿಸತಕ್ಕದ್ದು. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು ಹಾಗೂ ವಿರಾಮಚಿಹ್ನೆಗಳನ್ನು ಮೂಲದೊಂದಿಗೆ ಹೋಲಿಸಿ ನೋಡತಕ್ಕದ್ದು. ಸರ್ವೆ ಸಂಖ್ಯೆ, ವಿಸ್ತೀರ್ಣ, ದಿನಾಂಕ ಮತ್ತು ಮೊತ್ತ ಇರುವ ಪತ್ರಗಳಲ್ಲಿ ಈ ಹೋಲಿಕೆಯನ್ನು ಬಿಡಬಾರದು. ಮೂಲ ಕಡತವನ್ನು ಪರಿವರ್ತಿತ ಪ್ರತಿಯ ಜೊತೆಗೆ ಉಳಿಸಿಕೊಳ್ಳತಕ್ಕದ್ದು.

5.4 ಹೆಸರಿನ ನಮೂದು: ಯೂನಿಕೋಡ್‌ನಲ್ಲಿ ಅಕ್ಷರಗಳನ್ನು ಕೂಡಿಸುವ ಅಥವಾ ಬಿಡಿಸುವ, ಕಣ್ಣಿಗೆ ಕಾಣದ ಸಂಕೇತಗಳಿವೆ. ಪರದೆಯ ಮೇಲೆ ಒಂದೇ ರೀತಿ ಕಾಣುವ ಎರಡು ಹೆಸರುಗಳು ಯಂತ್ರದ ಹೋಲಿಕೆಯಲ್ಲಿ ಭಿನ್ನವಾಗಲು ಇವು ಕಾರಣವಾಗಬಹುದು. ಆದುದರಿಂದ ಹೆಸರಿನ ಖಾನೆಯಲ್ಲಿ ಬೇರೆ ಕಡತದಿಂದ ನಕಲಿಸಿ ಅಂಟಿಸುವ ಬದಲು ನೇರವಾಗಿ ಬೆರಳಚ್ಚಿಸುವುದು ಸೂಕ್ತ.

6. ಪೂರ್ವಸಿದ್ಧತೆ

ಅ) ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿರುವಾಗ ಬದಲಾವಣೆಯನ್ನು ಕೈಗೊಳ್ಳಬಾರದು. ಯಂತ್ರ ಸಿದ್ಧವಿರಲಿಲ್ಲ ಎಂಬುದು ವಿಳಂಬಕ್ಕೆ ಕಾರಣವಾಗಿ ಪರಿಗಣಿಸಲ್ಪಡುವ ಭರವಸೆ ಇರುವುದಿಲ್ಲ.
ಆ) ಎಲ್ಲ ಕಡತಗಳನ್ನು ಹೊರಗಿನ ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ನಕಲಿಸಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ತೆರೆದು ನೋಡದ ನಕಲನ್ನು ನಕಲೆಂದು ಭಾವಿಸಬಾರದು.
ಇ) ಬ್ರೌಸರ್‌ನಲ್ಲಿ ಉಳಿಸಿದ ಗುಪ್ತಪದಗಳು, ಪುಟಗುರುತುಗಳು ಹಾಗೂ ಅರ್ಜಿಗಳ ಸ್ವೀಕೃತಿ ಸಂಖ್ಯೆಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳತಕ್ಕದ್ದು.
ಈ) ನುಡಿ ಅಕ್ಷರಶೈಲಿಯ ಕಡತಗಳನ್ನು ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನಕಲಿಸಿಕೊಳ್ಳತಕ್ಕದ್ದು. ವ್ಯವಸ್ಥೆಯನ್ನು ಅಳಿಸಿದ ನಂತರ ಇವು ದೊರೆಯುವುದಿಲ್ಲ.
ಉ) ಡಿಸ್ಕ್‌ಗೆ ಬಿಟ್‌ಲಾಕರ್ ರಕ್ಷಣೆ ಇದ್ದಲ್ಲಿ ಅದರ ಮರುಪಡೆಯುವ ಕೀಲಿಯನ್ನು ಮೊದಲೇ ಪಡೆದು ಇಟ್ಟುಕೊಳ್ಳತಕ್ಕದ್ದು. ಈ ಕೀಲಿ ಇಲ್ಲದಿದ್ದಲ್ಲಿ ಡಿಸ್ಕ್‌ನಲ್ಲಿರುವ ದಾಖಲೆಗಳನ್ನು ಯಾರಿಂದಲೂ ತೆರೆಯಲಾಗದು.

7. ಅಳವಡಿಕೆಯ ಹಂತಗಳು

ಹಂತ 1: ಆಯ್ಕೆ ಮಾಡಿದ ವಿತರಣೆಯ ಅಧಿಕೃತ ಜಾಲತಾಣದಿಂದ ಮಾತ್ರ ಕಡತವನ್ನು ಇಳಿಸಿಕೊಳ್ಳಬೇಕು. ಜಾಲತಾಣದಲ್ಲಿ ಪ್ರಕಟಿಸಿರುವ ಪರಿಶೀಲನಾ ಸಂಕೇತವು ಇಳಿಸಿಕೊಂಡ ಕಡತಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ಅಕ್ರಮ ಪ್ರವೇಶ ನಡೆದು, ದುರುದ್ದೇಶದ ಕಡತಕ್ಕೆ ಬಳಕೆದಾರರನ್ನು ಕಳುಹಿಸಲಾಗಿತ್ತು. ಆದುದರಿಂದ ಈ ಹಂತವನ್ನು ಔಪಚಾರಿಕವೆಂದು ಭಾವಿಸಬಾರದು.

ಹಂತ 2: ಕನಿಷ್ಠ 8 ಜಿ.ಬಿ. ಸಾಮರ್ಥ್ಯದ ಖಾಲಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ಎಚರ್ ಉಪಕರಣದ ಮೂಲಕ ಕಡತವನ್ನು ಬರೆಯಬೇಕು. ಪೆನ್‌ಡ್ರೈವ್‌ನಲ್ಲಿರುವ ಹಳೆಯ ಕಡತಗಳು ಅಳಿದುಹೋಗುತ್ತವೆ.

ಹಂತ 3: ಯಂತ್ರವನ್ನು ಪುನಃ ಚಾಲನೆ ಮಾಡಿ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿಯ ಮೂಲಕ ಪೆನ್‌ಡ್ರೈವ್‌ನಿಂದ ಪ್ರಾರಂಭಿಸಬೇಕು. ಕೀಲಿಯು ತಯಾರಕರಿಗೆ ಅನುಗುಣವಾಗಿ ಭಿನ್ನವಾಗಿರುತ್ತದೆ.

ಹಂತ 4: ಡಿಸ್ಕ್‌ಗೆ ಏನನ್ನೂ ಬರೆಯದೆ ಪೆನ್‌ಡ್ರೈವ್‌ನಿಂದಲೇ ವ್ಯವಸ್ಥೆಯನ್ನು ಪ್ರಯೋಗಿಸಿ ನೋಡಬಹುದು. ವೈ-ಫೈ, ಧ್ವನಿ, ಕ್ಯಾಮೆರಾ, ಮುದ್ರಕ, ಸ್ಕ್ಯಾನರ್ ಹಾಗೂ ಕನ್ನಡ ಬೆರಳಚ್ಚು ಇವೆಲ್ಲವನ್ನೂ ಇದೇ ಹಂತದಲ್ಲಿ ಪರೀಕ್ಷಿಸಬೇಕು. ತೃಪ್ತಿಕರವಾಗದಿದ್ದಲ್ಲಿ ಪೆನ್‌ಡ್ರೈವ್ ತೆಗೆದು ಪುನಃ ಚಾಲನೆ ಮಾಡಿದರೆ ಯಂತ್ರವು ಯಥಾಸ್ಥಿತಿಗೆ ಬರುತ್ತದೆ.

ಹಂತ 5: ತೃಪ್ತಿಕರವಾದಲ್ಲಿ ಅಳವಡಿಕೆಯನ್ನು ಪ್ರಾರಂಭಿಸಬಹುದು. ವಿಂಡೋಸ್ ಜೊತೆಗೆ ಅಳವಡಿಸುವುದು ಮತ್ತು ಡಿಸ್ಕ್ ಅನ್ನು ಅಳಿಸಿ ಅಳವಡಿಸುವುದು ಎಂಬ ಎರಡು ಆಯ್ಕೆಗಳು ಕಾಣಿಸುತ್ತವೆ. ಎರಡನೆಯ ಆಯ್ಕೆಯಲ್ಲಿ ಹಿಂದಿನ ಎಲ್ಲ ಕಡತಗಳೂ ನಾಶವಾಗುತ್ತವೆ. ಮೊದಲ ಬಾರಿಗೆ ಬಳಸುವವರಿಗೆ ಮೊದಲನೆಯ ಆಯ್ಕೆಯು ಸೂಕ್ತ. ಅದಕ್ಕೂ ಮುನ್ನ ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬೇಕು.

ಹಂತ 6: ಅಳವಡಿಕೆಯ ನಂತರ ನವೀಕರಣಗಳನ್ನು ಪೂರ್ಣಗೊಳಿಸಿ, ಕನ್ನಡ ಕೀಲಿಮಣೆಯನ್ನು ಸೇರಿಸಿ, ನಕಲಿಸಿಟ್ಟ ಕಡತಗಳನ್ನು ಹಿಂತಿರುಗಿಸಬೇಕು.

ಎರಡೂ ವ್ಯವಸ್ಥೆಗಳಿರುವ ಯಂತ್ರದಲ್ಲಿ ಕೆಲವೊಮ್ಮೆ ವಿಂಡೋಸ್ ಗಡಿಯಾರವು ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಲಿನಕ್ಸ್ ಯಂತ್ರದ ಗಡಿಯಾರವನ್ನು ಸಾರ್ವತ್ರಿಕ ಕಾಲಮಾನದಲ್ಲಿ, ವಿಂಡೋಸ್ ಸ್ಥಳೀಯ ಕಾಲಮಾನದಲ್ಲಿ ಪರಿಗಣಿಸುವುದೇ ಇದಕ್ಕೆ ಕಾರಣ. ಕೊನೆಯ ದಿನದ ಅರ್ಜಿಗಳಿಗೆ ಯಂತ್ರದ ಗಡಿಯಾರವನ್ನು ಅವಲಂಬಿಸಬಾರದು.

8. ಅರ್ಜಿ ಸಲ್ಲಿಕೆಯ ಕೆಲಸಗಳಿಗೆ ತಂತ್ರಾಂಶಗಳು

ಅ) ಬ್ರೌಸರ್: ಫೈರ್‌ಫಾಕ್ಸ್ ಸಾಮಾನ್ಯವಾಗಿ ಮೊದಲೇ ಇರುತ್ತದೆ, ಕ್ರೋಮ್ ಕೂಡ ದೊರೆಯುತ್ತದೆ. ಸೇವಾ ಸಿಂಧು, ಡಿಜಿಲಾಕರ್ ಮುಂತಾದ ಪೋರ್ಟಲ್‌ಗಳನ್ನು ಇವುಗಳ ಮೂಲಕ ಬಳಸಬಹುದು.
ಆ) ಪತ್ರ ಮತ್ತು ಲೆಕ್ಕಪಟ್ಟಿ: ಲಿಬ್ರೆಆಫೀಸ್ ವರ್ಡ್ ಮತ್ತು ಎಕ್ಸೆಲ್ ಕಡತಗಳನ್ನು ತೆರೆಯುತ್ತದೆ. ಪುಟವಿನ್ಯಾಸವು ಸ್ವಲ್ಪ ಬದಲಾಗಬಹುದಾದ ಕಾರಣ, ಸಲ್ಲಿಸುವ ಪತ್ರಗಳನ್ನು ಪಿ.ಡಿ.ಎಫ್. ರೂಪದಲ್ಲಿ ಉಳಿಸಿ ಕಳುಹಿಸುವುದು ಒಳಿತು.
ಇ) ದಾಖಲೆಗಳ ಸ್ಕ್ಯಾನ್: ಡಾಕ್ಯುಮೆಂಟ್ ಸ್ಕ್ಯಾನರ್ ಉಪಕರಣವು ಹಲವು ಪುಟಗಳನ್ನು ಒಂದೇ ಪಿ.ಡಿ.ಎಫ್. ಆಗಿ ಉಳಿಸುತ್ತದೆ.
ಈ) ಭಾವಚಿತ್ರ ಮತ್ತು ಸಹಿ: ಪೋರ್ಟಲ್‌ನಲ್ಲಿ ಸೂಚಿಸಿದ ಅಳತೆ ಮತ್ತು ಗಾತ್ರಕ್ಕೆ ಇಳಿಸಲು ಗಿಂಪ್ ಬಳಸಬಹುದು.
ಉ) ಇ-ಆಧಾರ್: ಪಿ.ಡಿ.ಎಫ್. ವೀಕ್ಷಕದಲ್ಲಿ ತೆರೆಯುತ್ತದೆ. ಗುಪ್ತಪದವು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಹಾಗೂ ಜನ್ಮವರ್ಷ.
ಊ) ಡಿಜಿಟಲ್ ಸಹಿ ಇರುವ ಪ್ರಮಾಣಪತ್ರ: ಓಕ್ಯುಲರ್ ವೀಕ್ಷಕದಲ್ಲಿ ಸಹಿಯ ವಿವರವನ್ನು ನೋಡಬಹುದು. ಇಂತಹ ಪ್ರಮಾಣಪತ್ರವನ್ನು ಮುದ್ರಿಸಿ ಪುನಃ ಸ್ಕ್ಯಾನ್ ಮಾಡಿದಲ್ಲಿ ಸಹಿಯು ನಷ್ಟವಾಗುತ್ತದೆ. ಮೂಲ ಕಡತವನ್ನೇ ಲಗತ್ತಿಸತಕ್ಕದ್ದು.

9. ಇತರೆಡೆಯ ಅನುಭವ

ಕೇರಳದ ಸರ್ಕಾರಿ ಶಾಲೆಗಳಲ್ಲಿ ಐಟಿ@ಸ್ಕೂಲ್ ಯೋಜನೆಯು ಮುಕ್ತ ತಂತ್ರಾಂಶವನ್ನು ಬೋಧನೆಯ ಭಾಗವಾಗಿಸಿತು. 2017ರಲ್ಲಿ ಅದು ಕೈಟ್ ಸಂಸ್ಥೆಯಾಗಿ ರೂಪುಗೊಂಡು ಮುಂದುವರಿದಿದೆ. ಭಾರತ ಸರ್ಕಾರವು 2015ರಲ್ಲಿ ಮುಕ್ತ ಆಕರ ತಂತ್ರಾಂಶ ಅಳವಡಿಕೆಯ ನೀತಿಯನ್ನು ಪ್ರಕಟಿಸಿತು. ಜರ್ಮನಿಯ ಮ್ಯೂನಿಕ್ ನಗರಾಡಳಿತವು 2003ರಲ್ಲಿ ಲಿನಕ್ಸ್‌ಗೆ ಬದಲಾಗಲು ನಿರ್ಧರಿಸಿ, 2013ರ ವೇಳೆಗೆ ಸುಮಾರು 15,000 ಯಂತ್ರಗಳನ್ನು ಬದಲಾಯಿಸಿತು. 2017ರಲ್ಲಿ ವಿಂಡೋಸ್‌ಗೆ ಹಿಂದಿರುಗಲು ನಿರ್ಧರಿಸಿತು. ಬದಲಾವಣೆಯ ಯಶಸ್ಸು ಕಾರ್ಯಾಚರಣಾ ವ್ಯವಸ್ಥೆಯೊಂದನ್ನೇ ಅವಲಂಬಿಸಿಲ್ಲ. ಅದರ ಜೊತೆಗೆ ಬಳಸುವ ಇತರ ತಂತ್ರಾಂಶ, ತರಬೇತಿ ಮತ್ತು ಆಡಳಿತದ ತೀರ್ಮಾನಗಳೂ ಮುಖ್ಯವೆಂಬುದು ಇದರಿಂದ ತಿಳಿದುಬರುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲಿನಕ್ಸ್‌ಗೆ ವೈರಸ್ ಬರುವುದೇ ಇಲ್ಲವೇ?
ಉತ್ತರ: ಅಪಾಯವು ಕಡಿಮೆ ಇರುತ್ತದೆಯೇ ಹೊರತು ಇಲ್ಲವೇ ಇಲ್ಲ ಎಂದಲ್ಲ. ನವೀಕರಣಗಳನ್ನು ತಪ್ಪದೆ ಅಳವಡಿಸಿಕೊಳ್ಳಬೇಕು. ಒ.ಟಿ.ಪಿ. ಕೇಳಿ ವಂಚಿಸುವವರಿಂದ ಯಾವ ಕಾರ್ಯಾಚರಣಾ ವ್ಯವಸ್ಥೆಯೂ ರಕ್ಷಿಸಲಾರದು. ಹಣಕಾಸು ವಂಚನೆ ನಡೆದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ತಿಳಿಸತಕ್ಕದ್ದು.

ಪ್ರಶ್ನೆ: ಕಮಾಂಡ್‌ಗಳನ್ನು ಕಲಿಯುವುದು ಕಡ್ಡಾಯವೇ?
ಉತ್ತರ: ದಿನನಿತ್ಯದ ಬಳಕೆಗೆ ಕಡ್ಡಾಯವಲ್ಲ. ಮೆನು ಮತ್ತು ಮೌಸ್ ಮೂಲಕವೇ ಕೆಲಸ ನಡೆಯುತ್ತದೆ. ಅಂತರ್ಜಾಲದಲ್ಲಿ ಕಂಡ ಕಮಾಂಡ್‌ಗಳನ್ನು ಅರ್ಥ ತಿಳಿಯದೆ ಚಲಾಯಿಸಬಾರದು.

ಪ್ರಶ್ನೆ: 32 ಬಿಟ್‌ನ ಹಳೆಯ ಯಂತ್ರಕ್ಕೆ ಅಳವಡಿಸಬಹುದೇ?
ಉತ್ತರ: ಪ್ರಮುಖ ವಿತರಣೆಗಳು ಇಂತಹ ಯಂತ್ರಗಳಿಗೆ ಹೊಸ ಆವೃತ್ತಿಗಳನ್ನು ನಿಲ್ಲಿಸಿವೆ. 2025ರಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿಯೂ 32 ಬಿಟ್‌ನ ಪಿ.ಸಿ.ಗಳಿಗೆ ಅಳವಡಿಕೆ ಕಡತ ಇರುವುದಿಲ್ಲ. ಪಾವತಿ ಮತ್ತು ಅರ್ಜಿ ಸಲ್ಲಿಕೆಗೆ ಅಂತಹ ಯಂತ್ರವನ್ನು ಬಳಸದಿರುವುದು ಸೂಕ್ತ.

ಪ್ರಶ್ನೆ: ವಿಂಡೋಸ್ 10ರಲ್ಲಿಯೇ ಸ್ವಲ್ಪ ಕಾಲ ಮುಂದುವರಿಯಬಹುದೇ?
ಉತ್ತರ: ವೈಯಕ್ತಿಕ ಬಳಕೆದಾರರು ನೋಂದಾಯಿಸಿಕೊಂಡಲ್ಲಿ 2026ರ ಅಕ್ಟೋಬರ್‌ವರೆಗೆ ವಿಸ್ತರಿತ ಭದ್ರತಾ ನವೀಕರಣ ನೀಡುವುದಾಗಿ ಸಂಸ್ಥೆಯು 2025ರಲ್ಲಿ ಪ್ರಕಟಿಸಿತು. ಈ ಅವಧಿಯ ಉದ್ದೇಶ ಸಿದ್ಧತೆ ಮಾಡಿಕೊಳ್ಳುವುದೇ ಆಗಿದೆ. ಪ್ರಸ್ತುತ ಸ್ಥಿತಿಯನ್ನು ಸಂಸ್ಥೆಯ ಜಾಲತಾಣದಲ್ಲಿ ಪರಿಶೀಲಿಸತಕ್ಕದ್ದು.

ಪ್ರಶ್ನೆ: ಅಳವಡಿಸಿಕೊಡಲು ಶುಲ್ಕ ಕೇಳಬಹುದೇ?
ಉತ್ತರ: ತಂತ್ರಾಂಶವು ಉಚಿತವಾದರೂ ಅಳವಡಿಸಿಕೊಡುವವರು ತಮ್ಮ ಶ್ರಮಕ್ಕೆ ಶುಲ್ಕ ಪಡೆಯಬಹುದು. ಪರವಾನಗಿ ಶುಲ್ಕವೆಂದು ಹಣ ಕೇಳಿದಲ್ಲಿ ಪಾವತಿಸಬೇಕಾಗಿಲ್ಲ. ಯಂತ್ರವನ್ನು ಅಂಗಡಿಗೆ ನೀಡುವ ಮುನ್ನ ದಾಖಲೆಗಳ ನಕಲನ್ನು ತಮ್ಮ ಬಳಿ ಇರಿಸಿಕೊಂಡು, ಗುಪ್ತಪದಗಳನ್ನು ಬ್ರೌಸರ್‌ನಿಂದ ತೆಗೆದುಹಾಕತಕ್ಕದ್ದು.

11. ಅರ್ಜಿದಾರರ ವಿಶೇಷ ಗಮನಕ್ಕೆ

ಬದಲಾವಣೆಯ ನಂತರದ ಮೊದಲ ತಿಂಗಳಲ್ಲಿ ಹಳೆಯ ವ್ಯವಸ್ಥೆಯನ್ನೂ ದಾಖಲೆಗಳ ನಕಲನ್ನೂ ಉಳಿಸಿಕೊಳ್ಳುವುದು ಅಪೇಕ್ಷಣೀಯ. ಈ ಅವಧಿಯಲ್ಲಿ ಒಂದು ಅರ್ಜಿಯನ್ನು ತುಂಬಿ, ದಾಖಲೆ ಲಗತ್ತಿಸಿ, ಶುಲ್ಕ ಪಾವತಿಸಿ, ಸ್ವೀಕೃತಿಯನ್ನು ಮುದ್ರಿಸುವವರೆಗಿನ ಎಲ್ಲ ಕೆಲಸಗಳೂ ಹೊಸ ವ್ಯವಸ್ಥೆಯಲ್ಲಿ ನಡೆದಲ್ಲಿ ಬದಲಾವಣೆ ಪೂರ್ಣಗೊಂಡಿದೆ ಎಂದು ತಿಳಿಯಬಹುದು. ಯಾವುದಾದರೂ ಒಂದು ಕೆಲಸ ನಡೆಯದಿದ್ದಲ್ಲಿ ಅದನ್ನು ಸಮೀಪದ ನಾಗರಿಕ ಸೇವಾ ಕೇಂದ್ರದಲ್ಲಿ ಪೂರೈಸಿಕೊಂಡು, ಉಳಿದ ಕೆಲಸಗಳಿಗೆ ಹೊಸ ವ್ಯವಸ್ಥೆಯನ್ನು ಮುಂದುವರಿಸಬಹುದಾಗಿದೆ.